ಕೀಲಿಮಣಿ

ಚಿಲಕ ಬಂದ ಮೇಲೆ ನಮ್ಮ ಕಡೆಯ ಮದುವೆಮನೆಗಳ ಮಾತೇ ಬದಲಾಗಿ ಹೋಯಿತು. ಮೊದಲೆಲ್ಲ ಮದುವೆಯಾಗಿ ನಾಲ್ಕು ಹಬ್ಬ ಕಳೆಯುವುದರೊಳಗೆ ಸೊಸೆಯನ್ನು ಮೂಲೆಗೆ ಕರೆದು "ಏನರ ವಿಶೇಷ ಐತೇನವಾ?" ಎಂದು ಕೇಳುತ್ತಿದ್ದ ಮುದುಕಿಯರು ಈಗ ಅವಳ ಕೊರಳನ್ನು ನೋಡುತ್ತಾರೆ. ಕರಿಮಣಿಯ ನಡುವೆ, ತಾಳಿಯ ಮಗ್ಗುಲಿಗೆ ಒಂದು ಮಣಿ ಇರುತ್ತದಲ್ಲ, ಉಳಿದವಕ್ಕಿಂತ ಚೂರು ದಪ್ಪ, ಎರಡೂ ತುದಿಗೆ ಬಂಗಾರದ ಟೊಪ್ಪಿಗೆ ಹಾಕಿದ್ದು, ಅದನ್ನು ಬೆರಳಲ್ಲಿ ಹಿಡಿದು ತಿರುವಿ, "ಇದಕ್ಕ ಇನ್ನಾ ಕೆಲಸ ಕೊಟ್ಟಿಲ್ಲೇನು?" ಎನ್ನುತ್ತಾರೆ. ಕೇಳುವ ಚಪಲವೇನೂ ಹೋಗಲಿಲ್ಲ, ಕೇಳುವ ರೀತಿ ಮಾತ್ರ ಬೇರೆಯಾಯಿತು.

ಚಿಲಕಕ್ಕೆ ಸರಕಾರದ ಭಾಷೆಯಲ್ಲಿ ಕವಾಟ ಎಂದು ಹೆಸರು. ಅಕ್ಕಿಕಾಳಿಗಿಂತ ಸಣ್ಣದು. ಗಂಡಸಿಗೆ ವೀರ್ಯನಾಳ ಎರಡು, ಒಂದೊಂದರಲ್ಲಿ ಒಂದೊಂದನ್ನು ಕೂಡಿಸುತ್ತಾರೆ. ಹಿಂದಿನ ಕಾಲದ ಆಪರೇಷನ್ನಿನಲ್ಲಿ ನಾಳ ಕತ್ತರಿಸಿ ಗಂಟು ಹಾಕುತ್ತಿದ್ದರು. ಮನಸ್ಸು ಬದಲಾದರೆ ಆ ಗಂಟು ಬಿಚ್ಚಿ ಮತ್ತೆ ಜೋಡಿಸುವುದು ದೊಡ್ಡ ರಗಳೆ, ಜೋಡಿಸಿದರೂ ಮಕ್ಕಳಾಗುವ ಖಾತ್ರಿ ಇಲ್ಲ. ಅದಕ್ಕೇ ಗಂಡಸರು ಆ ಕಡೆ ತಲೆ ಹಾಕುತ್ತಿರಲಿಲ್ಲ, ಎಲ್ಲ ಹೊರೆಯೂ ಹೆಂಗಸರ ಮೈಮೇಲೆಯೇ ಬೀಳುತ್ತಿತ್ತು. ಚಿಲಕದಲ್ಲಿ ಕತ್ತರಿಯ ಕೆಲಸವೇ ಇಲ್ಲ. ಬೇಡವೆಂದಾಗ ಮುಚ್ಚಿರುತ್ತದೆ, ಬೇಕೆಂದಾಗ ತೆರೆಯುತ್ತದೆ. ತೆರೆಯುವುದಕ್ಕೆ ಆ ಮಣಿಯೊಳಗಿನ ಅಯಸ್ಕಾಂತವೇ ಬೇಕು. ಮಣಿಯನ್ನು ತೊಡೆಸಂದಿಗೆ ಹಿಡಿದು ಒಂದು ಹಾಡು ಮುಗಿಯುವಷ್ಟು ಹೊತ್ತು ಕೂತರೆ ಸಾಕು, ಒಳಗೆ ಚಿಲಕ ಸರಿಯುತ್ತದೆ. ಗಂಡಸಿಗೆ ನೋವೂ ಇಲ್ಲ, ಸುದ್ದಿಯೂ ಇಲ್ಲ.

ಒಬ್ಬನ ಚಿಲಕಕ್ಕೆ ಒಂದೇ ಮಣಿ, ಅದಕ್ಕೆ ಜೋಡಿ ಇಲ್ಲ. ಮೊದಲ ವರ್ಷಗಳಲ್ಲಿ ಚಿಲಕ ಹಾಕುವ ಕವಾಟ ಕೇಂದ್ರದಲ್ಲೇ ಇನ್ನೊಂದು ಮಣಿ ಇಟ್ಟುಕೊಳ್ಳುತ್ತಿದ್ದರಂತೆ. ಮೊಮ್ಮಗನ ಮುಖ ನೋಡುವ ಆತುರದ ಅತ್ತೆಯರು ಅಲ್ಲಿಗೆ ಹೋಗಿ, ಕೈಬೆಚ್ಚಗೆ ಮಾಡಿ, ಸೊಸೆಗೆ ತಿಳಿಯದ ಹಾಗೆ ಮಗನ ಚಿಲಕ ತೆಗೆಸಿಕೊಂಡು ಬರತೊಡಗಿದರು. ಗದ್ದಲವಾಯಿತು, ಕಾನೂನಾಯಿತು. ಅಂದಿನಿಂದ ಮಣಿ ಹೆಂಗಸಿನದು. ಅಕ್ಷತೆಯ ದಿನ ತಾಳಿಯ ಜೊತೆಗೇ ಅದನ್ನೂ ಕಟ್ಟುವ ಪದ್ಧತಿ ಬಂತು, ಅಯ್ಯನವರು ಅದಕ್ಕೂ ಒಂದು ಮಂತ್ರ ಹುಡುಕಿದರು, ಅಕ್ಕಸಾಲಿಗರು ಕೀಲಿಮಣಿ ಎಂದು ಹೆಸರಿಟ್ಟರು.

ಗುರುಶಾಂತ ಚಿಲಕ ಹಾಕಿಸಿಕೊಂಡಾಗ ಅವನಿಗಿನ್ನೂ ಮದುವೆಯಾಗಿರಲಿಲ್ಲ. ರಾಣೆಬೆನ್ನೂರಿನ ಹೊರಗೆ ಒಂದು ಬೀಜದ ಕಂಪನಿಯ ಶೈತ್ಯಾಗಾರದಲ್ಲಿ ಅವನಿಗೆ ಕೆಲಸ. ಮೆಣಸಿನಕಾಯಿ, ಬೆಂಡೆ, ಟೊಮೆಟೊಗಳ ಹೈಬ್ರಿಡ್ ಬೀಜವನ್ನು ಡಬ್ಬಿಗಳಲ್ಲಿ ತುಂಬಿ ತಣ್ಣಗೆ ಕಾಯುವುದು. ಕಾಯುವುದೆಂದರೆ ಬಾಗಿಲು ಮುಚ್ಚಿ ಕೂಡುವುದಲ್ಲ. ವರ್ಷಕ್ಕೊಮ್ಮೆ ಪ್ರತಿ ಡಬ್ಬಿಯಿಂದ ಒಂದು ಹಿಡಿ ಬೀಜ ತೆಗೆದು, ಒದ್ದೆ ಕಾಗದದ ಮೇಲೆ ಹರವಿ, ಮೊಳಕೆ ಬರುತ್ತದೋ ಇಲ್ಲವೋ ನೋಡಬೇಕು. ಸತ್ತ ಬೀಜವೂ ನೋಡಲಿಕ್ಕೆ ಜೀವ ಇದ್ದ ಬೀಜದ ಹಾಗೇ ಇರುತ್ತದೆ, ಅದೇ ಬಣ್ಣ, ಅದೇ ತೂಕ. ನೀರು ಮುಟ್ಟಿಸಿದಾಗಲೇ ಅದರ ಹಣೆಬರಹ ಗೊತ್ತಾಗುವುದು. ಹೊಸದಾಗಿ ಸೇರಿದವರಿಗೆ ಗುರುಶಾಂತ ಮೊದಲು ಹೇಳಿಕೊಡುತ್ತಿದ್ದದ್ದೇ ಇದನ್ನು.

ಕವಾಟ ಕೇಂದ್ರಕ್ಕೆ ಹೋದ ದಿನ ಅವನೂ ಎಲ್ಲರೂ ಕೇಳುವುದನ್ನೇ ಕೇಳಿದ್ದ. ಮುಂದೆ ಮಕ್ಕಳು ಬೇಕೆನಿಸಿದರೆ ಏನು ಗತಿ? ಬೇಕೆನಿಸಿದಾಗ ತೆಗೆದರಾಯಿತು, ಹಾಕಿದ್ದು ಚಿಲಕ, ಗೋಡೆಯಲ್ಲ ಎಂದು ನರ್ಸಮ್ಮ ನಕ್ಕಿದ್ದಳು. ಆದರೂ ಇರಲಿ ಅಂತ, ಒಂದಿಷ್ಟು ವೀರ್ಯವನ್ನು ಹಿಮದ ಪೆಟ್ಟಿಗೆಯಲ್ಲಿ ಇಡಿಸುತ್ತೀರೇನು, ಆ ಅನುಕೂಲವೂ ಉಂಟು ಎಂದಳು. ಗುರುಶಾಂತನಿಗೆ ಮೋಜೆನಿಸಿತು.

"ನಾ ದಿನಾ ಹಗಲೆಲ್ಲ ಹಿಮದಾಗ ಇರಾಂವ. ಮತ್ತ ಅದನ್ನೂ ಹಿಮದಾಗ ಇಡಬೇಕೇನ್ರಿ?" ಅಂದ.

ಸರದಿಯಲ್ಲಿ ಕೂತಿದ್ದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಒಬ್ಬನೂ ಇಡಿಸಲಿಲ್ಲ.

ಮೂರು ವರ್ಷ ಬಿಟ್ಟು ದಾನೇಶ್ವರಿಯನ್ನು ಮದುವೆಯಾದ. ಅದೇ ಕಂಪನಿಯ ಬಲೆ ಹೊದಿಸಿದ ಪರದೆಮನೆಯಲ್ಲಿ ಕ್ರಾಸಿಂಗ್ ಮಾಡುವ ಹೆಂಗಸರ ಗುಂಪಿಗೆ ಅವಳು ಮುಂದಾಳು. ಮೊಗ್ಗು ಅರಳುವ ಮೊದಲೇ ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಚಿಮುಟದಿಂದ ಕಿತ್ತು ಹಾಕಿ, ಬೇರೆ ತಳಿಯ ಪರಾಗ ಮುಟ್ಟಿಸುವ ಕೆಲಸ. ಕೈ ನಡುಗಿದರೆ ಹೂವೇ ಹೋಗುತ್ತದೆ. ಪರದೆಮನೆಯ ದೊಡ್ಡ ಫ್ಯಾನುಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ದಾನಿಗೆ ಕಿವಿ ಸ್ವಲ್ಪ ಮಂದವಾಗಿತ್ತು. ಏನು ಹೇಳಿದರೂ ಮೊದಲು "ಏನಂದಿ?" ಎನ್ನುವಳು. ಎರಡನೇ ಸಲ ಹೇಳಿದಾಗಲೇ ಅವಳಿಗೆ ಮುಟ್ಟುತ್ತಿತ್ತು. ಮದುವೆಯ ಹೊಸತರಲ್ಲಿ ಪ್ರೀತಿಯ ಮಾತನ್ನೂ ಎರಡೆರಡು ಸಲ ಹೇಳಿ ಗುರುಶಾಂತ ನಾಚಿ ಸತ್ತಿದ್ದ. ಬೇಕಂತಲೇ ಹೇಳಿಸುತ್ತಾಳೆ ಎಂದು ಅವನಿಗೆ ಅನುಮಾನವೂ ಇತ್ತು.

ಮಗು ಬೇಕು ಅನ್ನುವುದರಲ್ಲಿ ಇಬ್ಬರಿಗೂ ಎರಡು ಮಾತಿರಲಿಲ್ಲ. ಯಾವಾಗ ಅನ್ನುವುದೇ ತೀರ್ಮಾನವಾಗಲಿಲ್ಲ. ಮೊದಲ ವರ್ಷ ಅವನ ಅವ್ವ ಬಸಲಿಂಗವ್ವನ ಮೊಣಕಾಲಿನ ಆಪರೇಷನ್. ಆಮೇಲೆ ಮನೆಯ ಮಾಳಿಗೆ. ಆಮೇಲೆ ಹೊಸ ಶೈತ್ಯಾಗಾರ ಕಟ್ಟುವ ಗಡಿಬಿಡಿ, ಗುರುಶಾಂತನಿಗೆ ಊಟಕ್ಕೆ ಬರಲೂ ಪುರುಸೊತ್ತಿಲ್ಲ. ದಾನಿ ಪ್ರತಿ ಯುಗಾದಿಗೂ ಕೇಳುವಳು, ಅವನು ಬರುವ ಯುಗಾದಿಗೆ ತೆಗೆಯೋಣ ಅನ್ನುವನು. ಎಲ್ಲಿ ಹೋಗುತ್ತದೆ, ಒಳಗೇ ಭದ್ರವಾಗಿ ಇದೆಯಲ್ಲ ಅನ್ನುವನು. ಅವಳು ಮಣಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಒಳಗೆ ಹೋಗುವಳು. ಯುಗಾದಿಗಳು ಹೀಗೇ ಬಂದು ಹೋದವು. ಹೋದ ಶ್ರಾವಣದಲ್ಲಿ ಡೆಂಗಿ ಜ್ವರ ಬಂದು, ಆಸ್ಪತ್ರೆಗೆ ನಡೆದುಕೊಂಡೇ ಹೋದ ದಾನಿ ವಾರದೊಳಗೆ ತೀರಿಹೋದಳು.

ಗಂಡ ಇರುವಾಗಲೇ ಹೋದ ಮುತ್ತೈದೆ. ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ, ವಿಭೂತಿ ಹಚ್ಚಿ, ಹೊಲದ ಬದುವಿನ ಪಕ್ಕ ಕುಣಿ ತೆಗೆದು ಕೂಡಿಸಿದರು. ಯಾರೋ ಕರಿಮಣಿಗೆ ಕೈ ಹಾಕಿದಾಗ ಬಸಲಿಂಗವ್ವನೇ ತಡೆದಳು. ಅದನ್ನು ಹಾಕಿಕೊಂಡೇ ಹೋಗಲಿ, ನನ್ನ ಸೊಸಿ ಮುತ್ತೈದಿ ಎಂದು ಅತ್ತಳು. ತಾಳಿಯ ಜೊತೆ ಮಣಿಯೂ ಮಣ್ಣಿಗೆ ಹೋಯಿತು. ಅವತ್ತು ಅದರ ನೆನಪು ಯಾರಿಗೂ ಬರಲಿಲ್ಲ. ಬರಬೇಕಾದರೂ ಯಾಕೆ?

ನೆನಪು ಬಂದದ್ದು ವರ್ಷ ತುಂಬುವ ಹೊತ್ತಿಗೆ. ಒಂಟಿ ಮಗನಿಗೆ ತನ್ನ ಕಣ್ಣೆದುರಿಗೇ ಒಂದು ನೆಲೆಯಾಗಲಿ ಎಂದು ಬಸಲಿಂಗವ್ವ ಹಿರೇಕೆರೂರಿನ ಕಡೆ ಒಂದು ಸಂಬಂಧ ನೋಡಿದಳು. ಹುಡುಗಿಗೂ ಒಮ್ಮೆ ಮದುವೆಯಾಗಿ ಗಂಡ ತೀರಿದ್ದ. ಒಳ್ಳೆಯ ಜನ. ಮಾತೆಲ್ಲ ಮುಗಿದು ಚಹಾ ಕುಡಿಯುವಾಗ ಹುಡುಗಿಯ ತಂದೆ ತಗ್ಗಿದ ದನಿಯಲ್ಲಿ ಮಣಿ ಎಲ್ಲಿದೆ ಎಂದು ಕೇಳಿದ. ಅದು ದಾನಿಯ ಜೊತೆ ಮಣ್ಣಿಗೆ ಹೋಯಿತು ಎಂದು ಬಸಲಿಂಗವ್ವ ಹೇಳಬೇಕಾಯಿತು. ನನ್ನ ಮಗಳಿಗೆ ಮಕ್ಕಳೆಂದರೆ ಜೀವ, ಚಿಲಕ ತೆಗೆಯುವ ದಾರಿ ಇಲ್ಲದ ಮನೆಗೆ ಹೇಗೆ ಕೊಡಲಿ ಎಂದು ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಚಾಕು ಹಾಕಿ ತೆಗೆಸಬಹುದಲ್ಲ ಎಂದರೆ ಅದೂ ಆಗದು. ಚಿಲಕದ ಸುತ್ತ ಮಾಂಸ ಬೆಳೆದು ಕೂಡಿಕೊಂಡಿರುತ್ತದೆ, ಕಿತ್ತರೆ ನಾಳವೇ ಕಿತ್ತು ಬರುತ್ತದೆ.

ಉಳಿದದ್ದು ಒಂದೇ ದಾರಿ. ಅದನ್ನು ಬಾಯಿಬಿಟ್ಟು ಆಡಿದ್ದು ದಾನಿಯ ಅಪ್ಪ ಸಂಗಣ್ಣ. ಬೀಗರು ಸಂಕೋಚಪಡುತ್ತಾರೆಂದು ತಾನೇ ಬಸ್ಸು ಹತ್ತಿ ಬಂದಿದ್ದ. "ನನ್ನ ಮಗಳು ಹೋದ್ಲು. ನೀವರ ಬಾಳ್ರಿ. ಕುಣಿ ತೆಗದು ಮಣಿ ತಗೋರಿ, ನಾನ ಮುಂದ ನಿಂತು ತೆಗಸ್ತೀನಿ," ಅಂದ. ಹೇಳಿ ಮುಗಿಸಿ ಪಂಚೆಯ ತುದಿಯಲ್ಲಿ ಮುಖ ಮುಚ್ಚಿಕೊಂಡ.

ಗುರುಶಾಂತನ ಕಣ್ಣ ಮುಂದೆ ಬರೀ ಕುಣಿಯೇ. ಮಣ್ಣು ಸರಿಸುವಾಗ ಗುದ್ದಲಿ ಎಲ್ಲಿ ತಗಲುತ್ತದೋ, ಅವಳು ಹೇಗಿದ್ದಾಳೋ, ಆ ಕೊರಳಿಗೆ ಯಾರು ಕೈ ಹಾಕುವುದೋ. ಬೇಡ ಅನ್ನಲು ಬಾಯಿ ತೆರೆದರೆ ಅವ್ವನ ಮುಖ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಲು ನಾಚಿಕೆಯಾದರೂ, ಅವನಿಗೇ ಒಂದು ಮಗು ಬೇಕಿತ್ತು. ದಾನಿಯಿಂದ ಆಗಬೇಕಾಗಿದ್ದ ಮಗುವಿನ ಆಸೆ ದಾನಿ ಹೋದ ಮೇಲೂ ಹೋಗಿರಲಿಲ್ಲ. ಕೊನೆಗೆ ತಲೆಯಾಡಿಸಿದ. ಸೋಮವಾರ ಬೆಳಿಗ್ಗೆ ಎಂದು ಗೊತ್ತಾಯಿತು.

ಶುಕ್ರವಾರ ಅವನು ದಾವಣಗೆರೆ ರಸ್ತೆಯ ಕವಾಟ ಕೇಂದ್ರಕ್ಕೆ ಹೋದ. ಮಣ್ಣಲ್ಲಿ ವರ್ಷ ಕಳೆದ ಮಣಿ ಕೆಲಸ ಮಾಡುತ್ತದೆಯೇ ಎಂದು ಕೇಳುವುದಷ್ಟೇ ಅವನ ಉದ್ದೇಶ. ಡಾಕ್ಟರ್ ನಫೀಸಾ ಸವಣೂರ ಎಂಬಾಕೆ ಕೇಂದ್ರ ಶುರುವಾದಾಗಿನಿಂದ ಅಲ್ಲಿದ್ದವಳು, ನಿವೃತ್ತಿಗೆ ಬಂದಿದ್ದಳು. ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟಳು. ಮಣಿಗೆ ಏನೂ ಆಗಿರುವುದಿಲ್ಲ, ಆದರೆ ಮೊದಲು ಚಿಲಕ ನೆಟ್ಟಗಿದೆಯೇ ನೋಡೋಣ, ಅದೇ ಕೆಟ್ಟಿದ್ದರೆ ಸತ್ತವರನ್ನು ಎಬ್ಬಿಸಿ ಏನು ಬಂತು ಎಂದಳು. ಗುರುಶಾಂತ ಮಂಚದ ಮೇಲೆ ಮಲಗಿದ. ಅವಳು ಅಂಗೈಯಗಲದ ಒಂದು ಬಿಲ್ಲೆಯನ್ನು ಅವನ ಕಿಬ್ಬೊಟ್ಟೆಯ ಕೆಳಗೆ ಆಡಿಸಿದಳು. ಮಗ್ಗುಲ ಪರದೆಯ ಮೇಲೆ ಎರಡು ಸಣ್ಣ ಗೆರೆ ಮೂಡಿದವು. ಡಾಕ್ಟರು ಬಿಲ್ಲೆಯನ್ನು ತೆಗೆದು, ಒರೆಸಿ, ಮತ್ತೊಮ್ಮೆ ಇಟ್ಟು ನೋಡಿದಳು.

"ಕುಣಿ ತೆಗೆಸೋದು ಬ್ಯಾಡ್ರಿ," ಅಂದಳು.

"ಕೆಟ್ಟೈತೇನ್ರಿ?"

"ಕೆಟ್ಟಿಲ್ಲ. ತೆರದೈತಿ."

ಗುರುಶಾಂತನಿಗೆ ತಿಳಿಯಲಿಲ್ಲ. ಯಾರೂ ತೆಗೆದಿಲ್ಲ, ಮಣಿ ಅವಳ ಕೊರಳಲ್ಲೇ ಇತ್ತು ಅಂದ. ಹೌದು, ಅವರೇ ತೆಗೆದದ್ದು ಎಂದು ಡಾಕ್ಟರು ಮೆಲ್ಲಗೆ ಹೇಳಿದಳು. ಕೊನೆಯ ಸಲ ಸರಿದದ್ದು ಯಾವಾಗ ಎಂಬುದು ಚಿಲಕಕ್ಕೆ ನೆನಪಿರುತ್ತದೆ. ದಾನಿ ಸಾಯುವುದಕ್ಕೆ ಮುಂಚಿನ ದೀಪಾವಳಿಯೂ ಅಲ್ಲ, ಅದರ ಹಿಂದಿನ ದೀಪಾವಳಿ, ಬಲಿಪಾಡ್ಯಮಿಯ ರಾತ್ರಿ.

ಆ ಹಬ್ಬ ಅವನಿಗೆ ನೆನಪಿತ್ತು. ಅವತ್ತು ದಾನಿ ಹೋಳಿಗೆ ಮಾಡಿದ್ದಳು. ಸುಮ್ಮ ಸುಮ್ಮನೆ ನಗುತ್ತಿದ್ದಳು. ಯಾಕೆಂದು ಕೇಳಿದರೆ "ಏನಂದಿ?" ಎಂದು ಮತ್ತೆ ನಕ್ಕಿದ್ದಳು. ಅವನು ತುಪ್ಪದ ಹೋಳಿಗೆ ತಿಂದು ಬಿದ್ದುಕೊಂಡವನು ಬೆಳಗಾಗುವವರೆಗೆ ಎದ್ದಿರಲಿಲ್ಲ. ಯುಗಾದಿಯ ದಾರಿ ಕಾದು ಕಾದು ಸಾಕಾಗಿ, ಅವನಿಗೊಂದು ಸಂತೋಷದ ಸುದ್ದಿ ಹೇಳಬೇಕೆಂದು ಅವಳು ಅವತ್ತು ಮಣಿ ಹಿಡಿದು ಕೂತಿದ್ದಳು. ಅವಳ ಮಣಿ, ಅವಳ ಹಕ್ಕು.

ಆಮೇಲಿನದೆಲ್ಲ ಒಂದೊಂದಾಗಿ ತಾನೇ ಬಿಚ್ಚಿಕೊಂಡಿತು. ತಿಂಗಳಿಗೊಮ್ಮೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಹೊಟ್ಟೆನೋವು ಅನ್ನುತ್ತಿದ್ದಳು. ಇವನು ಓಮಿನ ಕಾಳಿನ ನೀರು ಕಾಯಿಸಿ ಕೊಟ್ಟು, ದೊಡ್ಡ ಉಪಕಾರ ಮಾಡಿದವನಂತೆ ಟಿ.ವಿ. ಮುಂದೆ ಹೋಗಿ ಕೂಡುತ್ತಿದ್ದ. ಅಕ್ಕನ ಮನೆಗೆಂದು ಆಗಾಗ ದಾವಣಗೆರೆಗೆ ಹೋಗಿ ಬರುತ್ತಿದ್ದಳು, ಹೋದದ್ದು ಅಲ್ಲಿನ ಯಾವುದೋ ಡಾಕ್ಟರ ಬಳಿಗೇ ಇರಬೇಕು. ಒಂದು ಸಂಜೆ ಹೂವಿನ ಚಿಮುಟ ಒರೆಸುತ್ತಾ, ಎಂದೂ ಇಲ್ಲದ ಮಾತು ಆಡಿದ್ದಳು. "ನನ್ನಿಂದ ಆಗಲಿಲ್ಲಂದ್ರ ನೀ ಇನ್ನೊಂದು ಮಾಡ್ಕೋ. ನಾ ಬ್ಯಾಡ ಅನ್ನಂಗಿಲ್ಲ." ಅವನು ನಕ್ಕುಬಿಟ್ಟಿದ್ದ. ಇನ್ನೊಬ್ಬಳು ಬಂದು ಏನು ಮಾಡಬೇಕು, ಕೀಲಿ ನಿನ್ನ ಕೊರಳಾಗ ಐತಲ್ಲ ಅಂದಿದ್ದ. ಅವಳೂ ನಕ್ಕಿದ್ದಳು. ಆ ನಗೆ ಎಂಥದ್ದೆಂದು ಈಗ ಡಾಕ್ಟರ ಮಂಚದ ಮೇಲೆ ಮಲಗಿ ಅವನಿಗೆ ಗೊತ್ತಾಯಿತು.

ಈ ಚಿಲಕದ ಕಾಲದಲ್ಲಿ ಹೆಂಗಸಿನ ಪಾಡು ಇದೊಂದು. ಗಂಡಸಿನದು ಕಂಪನಿ ಖಾತ್ರಿ ಕೊಟ್ಟ ಮಾಲು, ತೆರೆದರೆ ಹೊಚ್ಚಹೊಸದು ಎಂದು ಎಲ್ಲರೂ ನಂಬಿದ್ದಾರೆ. ತೆರೆದ ಮೇಲೂ ಮಗುವಾಗದಿದ್ದರೆ ಬೆರಳೆಲ್ಲ ಅವಳ ಕಡೆಗೇ. ಅವಳ ಬೆರಳೂ ಅವಳ ಕಡೆಗೇ.

"ಹಂಗಾದ್ರ ಆಕಿಗೆ ಏನ್ ತೊಂದರಿ ಇತ್ರಿ?" ಗುರುಶಾಂತ ಕೇಳಿದ.

ಡಾಕ್ಟರು ಮೇಜಿನ ಖಾನೆ ಎಳೆದಳು. ನಿಮ್ಮದನ್ನು ಒಮ್ಮೆ ಪರೀಕ್ಷೆ ಮಾಡೋಣ ಎಂದು ಒಂದು ಡಬ್ಬಿ ಕೊಟ್ಟಳು. ಅವನು ಕೊಟ್ಟದ್ದನ್ನು ತೆಗೆದುಕೊಂಡು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವನನ್ನೇ ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದಳು. ಬೆಳಕಿನ ವೃತ್ತದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು. ಒಂದೂ ಅಲುಗಲಿಲ್ಲ.

ಅವಳು ಬಿಡಿಸಿ ಹೇಳಿದಳು. ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗೆ ಜೀವಕಣ ಹುಟ್ಟುವುದು ನಿಲ್ಲುವುದಿಲ್ಲ. ಹೊರಗೆ ಹೋಗಲಾರದ್ದು ಅಲ್ಲೇ ಕರಗಿ ಮೈಗೆ ಸೇರುತ್ತದೆ. ಬಹಳ ವರ್ಷ ಹೀಗಾದರೆ ಕೆಲವರ ಮೈ ಅದನ್ನು ರೋಗಾಣು ಎಂದೇ ತಿಳಿದು ಕೊಲ್ಲತೊಡಗುತ್ತದೆ. ಒತ್ತಡಕ್ಕೆ ಹುಟ್ಟುವ ಜಾಗವೂ ಸೊರಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಯಾರಿಗಾಗುತ್ತದೆಂದು ಮೊದಲೇ ಹೇಳಲೂ ಬರುವುದಿಲ್ಲ. ಹತ್ತು ವರ್ಷ ಮುಚ್ಚಿಟ್ಟವರು ಈಗೀಗ ತೆರೆಯುತ್ತಿದ್ದಾರೆ, ನಮಗೂ ಈಗೀಗ ತಿಳಿಯುತ್ತಿದೆ. ಪ್ರಯೋಗಾಲಯದಲ್ಲಿ ಕೂಡಿಸಲು ಒಂದೇ ಒಂದು ಜೀವಂತ ಕಣ ಸಿಕ್ಕಿದ್ದರೂ ಸಾಕಿತ್ತು.

"ನಾವು ಬಾಗಿಲ ಬಗ್ಗೆ ಖಾತ್ರಿ ಕೊಟ್ವಿ," ಅಂದಳು. "ಒಳಗ ಇಟ್ಟದ್ದರ ಬಗ್ಗೆ ನೀವು ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ಪಾಪ ನಮ್ಮದೂ ಐತ್ರಿ."

"ಆಕಿ ತೆರದಾಗ?"

"ಆವಾಗಲೇ ಹೋಗಿರತಾವು."

ಬೇರೆ ಯಾರಾಗಿದ್ದರೂ ಯಂತ್ರವನ್ನು ಬೈಯುತ್ತಿದ್ದರೋ ಏನೋ. ಗುರುಶಾಂತ ತನ್ನನ್ನೇ ಬೈದುಕೊಂಡ. ಕಂಪನಿಯ ಬೆಂಡೆಬೀಜಕ್ಕೆ ವರ್ಷ ವರ್ಷ ನೀರು ಮುಟ್ಟಿಸಿ ನೋಡಿದವನು. ಮುಚ್ಚಿಟ್ಟದ್ದು ಉಳಿದಿದೆ ಎಂದು ನಂಬಬೇಡಿ, ತೆಗೆದು ನೋಡಿ ಎಂದು ಊರ ಹುಡುಗರಿಗೆಲ್ಲ ಪಾಠ ಹೇಳಿದವನು. ದಾನಿ ಕೇಳಿದಾಗಲೆಲ್ಲ ಒಳಗೇ ಭದ್ರವಾಗಿ ಇದೆಯಲ್ಲ ಎಂದವನೂ ಅವನೇ.

ಮನೆಗೆ ಬಂದಾಗ ಬಸಲಿಂಗವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸಂಗಣ್ಣ ಕಂಬಕ್ಕೆ ಒರಗಿ ಕೂತಿದ್ದ, ಬಂದವನು ಸೋಮವಾರದವರೆಗೆಂದು ಇಲ್ಲೇ ಉಳಿದಿದ್ದ. ಕುಣಿ ತೆಗೆಯುವುದು ಬೇಡ, ಚಿಲಕ ತೆರೆದೇ ಇದೆ, ದಾನಿಯೇ ತೆಗೆದಿದ್ದಳು ಎಂದು ಗುರುಶಾಂತ ಹೇಳಿದಾಗ ಅವ್ವನ ಮುಖ ಅರಳಿತು. ದೇವರು ದೊಡ್ಡವನು ಎಂದು ಕೈಮುಗಿದಳು. ಹಿರೇಕೆರೂರಿಗೆ ಈಗಲೇ ಫೋನ್ ಮಾಡು ಅಂದಳು. ಅವನು ಅವಳ ಪಕ್ಕ ನೆಲದ ಮೇಲೆ ಕೂತು, ಉಳಿದದ್ದನ್ನೂ ಹೇಳಿದ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಹೇಳಿದ. ಆ ಹುಡುಗಿಯ ಬಾಳು ನನ್ನ ಕೈಯಲ್ಲಿ ಹಾಳಾಗುವುದು ಬೇಡ, ನಾನೇ ಅವರ ಮನೆಗೆ ಹೋಗಿ ಹೇಳಿ ಬರುತ್ತೇನೆ ಅಂದ.

ಬಸಲಿಂಗವ್ವ ಅವರೆಕಾಯಿ ಪಕ್ಕಕ್ಕೆ ಸರಿಸಿದಳು. ತನಗಾಗಿ ಅಳುತ್ತಾಳೆ ಎಂದು ಗುರುಶಾಂತ ಅಂದುಕೊಂಡಿದ್ದ. ಅವಳು ಹೇಳಿದ್ದು ಬೇರೆ.

"ಒಂದಿನ ದೇವರ ಮನ್ಯಾಗ ಅಳಾಕತ್ತಿದ್ಲು ದಾನಿ. ನಾ ಬಾಗಿಲ ತನಕ ಹೋಗಿ ಬಂದೆ. ಯಾಕವಾ ಅಂತ ಕೇಳಲಿಲ್ಲ."

ಸಂಗಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡ. ಗುದ್ದಲಿಯವರಿಗೆ ಬರಬೇಡಿ ಎಂದು ಹೇಳಿ ಬರುತ್ತೇನೆ ಅಂದ. ಬಾಗಿಲಲ್ಲಿ ನಿಂತು, ತನ್ನಷ್ಟಕ್ಕೇ ಎಂಬಂತೆ, "ನಮ್ಮ ಹುಡುಗಿ ಚೊಲೋ ಇದ್ಲು ಹಂಗಾದ್ರ," ಅಂದ. ಗುರುಶಾಂತ ಎದ್ದು ನಿಂತ. ಹೌದ್ರಿ ಮಾವ ಅಂದ.

ಬಿಸಿಲು ಇನ್ನೂ ಇತ್ತು. ಅವನು ಹೊಲಕ್ಕೆ ನಡೆದ. ಬದುವಿನ ಪಕ್ಕದ ಮಣ್ಣು ಒಂದು ಮಳೆಗಾಲ ಕಂಡು ಕೆಳಗೆ ಕೂತಿತ್ತು, ಮೇಲೆ ಗರಿಕೆ ಹಬ್ಬಿತ್ತು. ಪಕ್ಕದ ಹೊಲದಲ್ಲಿ ಯಾರದೋ ಟ್ರ್ಯಾಕ್ಟರ್ ಓಡುತ್ತಿತ್ತು. ಅವನು ಚಪ್ಪಲಿ ಬಿಟ್ಟು ಕೂತ. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ, ದೀಪಾವಳಿಯ ಮಾತು, ಓಮಿನ ನೀರಿನ ಮಾತು, ಯುಗಾದಿಗಳ ಮಾತು. ಅವೆಲ್ಲ ಈಗ ಬೇಡವೆನಿಸಿದವು. ಅವಳು ಕೊನೆಯವರೆಗೆ ಒಬ್ಬಳೇ ಹೊತ್ತುಕೊಂಡು ಹೋದದ್ದನ್ನು ಇಳಿಸಿಕೊಳ್ಳುವುದೊಂದೇ ಉಳಿದಿತ್ತು.

"ತಪ್ಪು ನಿಂದಲ್ಲ, ದಾನಿ. ನಂದು," ಅಂದ.

ಟ್ರ್ಯಾಕ್ಟರು ಸಾಲಿನ ಕೊನೆಗೆ ಹೋಗಿ ತಿರುಗಿಕೊಂಡಿತು. ಗುರುಶಾಂತ ಅವಳ "ಏನಂದಿ?"ಗಾಗಿ ಕಾದ. ಮೊದಲ ಸಲ ಹೇಳಿದ್ದು ಅವಳಿಗೆ ಎಂದೂ ಕೇಳಿಸುತ್ತಿರಲಿಲ್ಲ. ಗರಿಕೆಯ ಮೇಲೆ ಅಂಗೈ ಊರಿ, ಬಗ್ಗಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.